ಬಂದಲಿಲ್ಲ ಅಂತ ಯಾರೂ ಅನ್ನಲ್ಲ: ಇಂಗ್ಲಿಷ್ ಟೆನ್ಸ್‌ಗಳನ್ನ ಆಟ ಆಡ್ಸಿ ಕಲ್ಸಿದ ಒಂದು ವರ್ಷ

ನನ್ನ ಏಳನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಗೋ ವೆಂಟ್ ಗಾನ್, ಈಟ್ ಏಟ್ ಈಟನ್, ಡ್ರಿಂಕ್ ಡ್ರ್ಯಾಂಕ್ ಡ್ರಂಕ್ ಅಂತ ಉಸಿರು ಬಿಡದೆ 60 ಕ್ರಿಯಾಪದ ಒಪ್ಪಿಸ್ತಿದ್ದ. ರಜೆ ಬಂತು ಅಂದ್ರೆ ಕುರಿ ಹೊಡ್ಕೊಂಡು ಹೋಗೋನು. ಒಂದು ಸೋಮವಾರ ಬೆಳಿಗ್ಗೆ ಮಕ್ಳೆಲ್ಲ ಹಾಲು ಕುಡ್ದು ಒಳಗೆ ಬಂದ್ಮೇಲೆ ಸುಮ್ನೆ ಮಾತಿಗೆ ಅಂತ ಅವನ್ನ ಕೇಳ್ದೆ, ವಾಟ್ ಡಿಡ್ ಯೂ ಡೂ ಎಸ್ಟರ್ಡೇ ಅಂತ. ಎದ್ದು ನಿಂತ, ಕೈ ಕಟ್ಕೊಂಡ, ಸ್ವಲ್ಪ ಹೊತ್ತು ಮೇಲೆ ನೋಡಿ "ಎಸ್ಟರ್ಡೇ ಐ ಯಾಮ್ ಗೋ ಟು ಶೀಪ್" ಅಂದ. ವೆಂಟ್ ಅನ್ನೋ ಪದ ಅವನಿಗೆ ಗೊತ್ತಿತ್ತು, ಹಿಂದಿನ ಶುಕ್ರವಾರ ತಾನೇ ನನ್ನೆದುರಿಗೆ ಒಪ್ಪಿಸಿದ್ದ, ಆದ್ರೆ ಬೇಕಾದ ಹೊತ್ತಿಗೆ ನಾಲಿಗೆಗೆ ಬರ್ಲಿಲ್ಲ. ಅವನ ತಲೆ ಹಿಂದೆ ಗೋಡೆ ಮೇಲೆ ನಾನೇ ಎರಡು ರಾತ್ರಿ ಕೂತು ಬರೆದಿದ್ದ ಚಾರ್ಟ್ ಇತ್ತು, ಮೂರು ಕಾಲ, ಒಂದೊಂದಕ್ಕೆ ನಾಲ್ಕು ಥರ, ಒಟ್ಟು 12 ಮನೆ, ಕೆಂಪು ಹಸಿರು ಸ್ಕೆಚ್ ಪೆನ್ನಲ್ಲಿ.

ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೋದ ವರ್ಷ ಏಳನೇ ಕ್ಲಾಸಲ್ಲಿ 34 ಮಕ್ಳು. ಮಕ್ಳ ಹೆಸರು ಇಲ್ಲಿ ಬರೆಯಲ್ಲ. 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿರೋದ್ರಿಂದ ನನ್ನ ಹತ್ರ ಬರೋ ಹೊತ್ತಿಗೆ ಈ ಮಕ್ಳು ಆರು ವರ್ಷ ಇಂಗ್ಲಿಷ್ ಓದಿರ್ತಾರೆ, ಪದಗಳು ಬೇಜಾನ್ ಗೊತ್ತಿರುತ್ತೆ, ಪರೀಕ್ಷೇಲಿ ಖಾಲಿ ಜಾಗ ತುಂಬಿ ಅಂದ್ರೆ ತುಂಬ್ತಾರೆ. ಆದ್ರೆ ನಿನ್ನೆ ಏನ್ ಮಾಡ್ದೆ ಅಂತ ಕೇಳಿದ್ರೆ ಎಲ್ರದ್ದೂ "ಐ ಯಾಮ್ ಗೋ". ಅವತ್ತು ನನಗೆ ಹೊಟ್ಟೆ ಉರಿದು ಹೋಯ್ತು, ಮಕ್ಳ ಮೇಲಲ್ಲ, ಆ ಚಾರ್ಟ್ ಮೇಲೆ.

ಆಟ ಆಡ್ಸಿ ಕಲ್ಸೋದು ನನಗೆ ಹೊಸ ವಿಷಯ ಏನಲ್ಲ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ಇರೋ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೇಲಿ 30 ದಿನದ ಟ್ರೈನಿಂಗ್ ಮಾಡಿದ್ದೆ, ಅಲ್ಲಿ ಒಳ್ಳೊಳ್ಳೆ ಆಟ ಹೇಳ್ಕೊಟ್ಟಿದ್ರು, ನೋಟ್ಸ್ ಪುಸ್ತಕ ಇನ್ನೂ ನನ್ನ ಹತ್ರ ಇದೆ. ನಮ್ಮ ಒಂದರಿಂದ ಮೂರನೇ ಕ್ಲಾಸಿನ ಮಕ್ಳು ನಲಿ ಕಲಿಯಲ್ಲೇ ಬೆಳೆದೋರು, ಅದು 1995ರಲ್ಲಿ ಎಚ್.ಡಿ.ಕೋಟೆ ಕಡೆ ಶುರುವಾಗಿ ಇಡೀ ರಾಜ್ಯಕ್ಕೆ ಬಂದಿದ್ದು, ಹಾಡು ಆಟ ಕಾರ್ಡು ಇದೆಲ್ಲ ಆ ಮಕ್ಳಿಗೆ ಅಭ್ಯಾಸ. ಆದ್ರೆ ಏಳನೇ ಕ್ಲಾಸಿಗೆ ಬಂದ ತಕ್ಷಣ ನಾವೇ ಅದನ್ನೆಲ್ಲ ನಿಲ್ಸಿಬಿಡ್ತೀವಿ, ಪೋರ್ಶನ್ ಮುಗೀಬೇಕು, ಎಫ್‌ಎ ಪರೀಕ್ಷೆ ಬಂತು, ಎಸ್‌ಎ ಪರೀಕ್ಷೆ ಬಂತು ಅಂತ. ನಾನೂ ನಿಲ್ಸಿದ್ದೆ. ಆ ಸೋಮವಾರ ಆದ್ಮೇಲೆ ನೋಟ್ಸ್ ಪುಸ್ತಕ ಮತ್ತೆ ತೆಗೆದೆ.

ಮೊದಲನೇ ಆಟ ಹುಡುಗ್ರು ಹುಡುಗೀರ ನಡುವೆ ಕ್ವಿಜ್. ನಾನು ಕ್ರಿಯಾಪದ ಹೇಳೋದು, ಯಾರು ಮೊದಲು ಪಾಸ್ಟ್ ಟೆನ್ಸ್ ಹೇಳ್ತಾರೋ ಅವರ ಗುಂಪಿಗೆ ಒಂದು ಪಾಯಿಂಟ್. ಗಲಾಟೆಯೋ ಗಲಾಟೆ, ನನಗೂ ಖುಷಿಯಾಯ್ತು, ಮಾರನೇ ದಿನ ಬೋರ್ಡ್ ಮೇಲಿನ ಸ್ಕೋರ್ ಅಳಿಸೋವಾಗ ಯಾರ್ಯಾರು ಉತ್ತರ ಕೊಟ್ರು ಅಂತ ನೆನಪು ಮಾಡ್ಕೊಂಡೆ. ಅದೇ ಐದು ಜನ. ಮಿಕ್ಕೋರು ಕೂಗಿದ್ರು, ಚಪ್ಪಾಳೆ ಹೊಡೆದ್ರು, ಬಾಯಿಂದ ಒಂದು ವಾಕ್ಯ ಬರ್ಲಿಲ್ಲ. ಬಿಟ್ಟೆ ಅದನ್ನ.

ಎರಡನೇದು ಖೋ ಖೋ. ನಮ್ಮೂರ ಮಕ್ಳು ಖೋ ಖೋದಲ್ಲಿ ಹೋಬಳಿ ಮಟ್ಟಕ್ಕೆ ಹೋಗಿ ಬಂದಿರೋರು, ಅವರ ಆಟಕ್ಕೇ ಇಂಗ್ಲಿಷ್ ಸೇರ್ಸೋಣ ಅನ್ನಿಸ್ತು. ಓಡಿಸೋನು ಕೂತಿರೋನ ಬೆನ್ನು ಮುಟ್ಟಿ "ಖೋ" ಅನ್ನೋದ್ರ ಜೊತೆಗೆ "ರನ್" ಅಂತ ಒಂದು ಕ್ರಿಯಾಪದ ಹೇಳ್ಬೇಕು, ಕೂತಿರೋನು "ರ‍್ಯಾನ್" ಅಂತ ಹೇಳಿ ಆಮೇಲೆ ಎದ್ದು ಓಡ್ಬೇಕು. ಮೂರು ನಿಮಿಷ ನಡೀತು. ನಾಲ್ಕನೇ ನಿಮಿಷಕ್ಕೆ ರನ್ನೂ ಇಲ್ಲ ರ‍್ಯಾನೂ ಇಲ್ಲ, ಬರೀ ಖೋ. ಒಂದು ಹುಡುಗಿ "ಬ್ರಿಂಗ್" ಅಂದಿದ್ದಕ್ಕೆ "ಬ್ರಾಟ್" ನೆನಪಾಗ್ದೆ ಕೂತೇ ಇದ್ಲು, ಹಿಂದೆ ಇರೋರೆಲ್ಲ ಏಳೇ ಏಳೇ ಅಂತ ಕಿರುಚಿದ್ರು, ಗಾಬರಿಯಲ್ಲಿ ಎದ್ದು ಓಡೋಕೆ ಹೋಗಿ ಬಿದ್ದು ಮಂಡಿ ತರಚ್ಕೊಂಡ್ಲು. ಅವಳ ಮಂಡಿಗೆ ನೀರು ಹಾಕಿ ತೊಳೀತಾ ಕೂತಿದ್ದಾಗ ನನಗೆ ಒಂದು ವಿಷಯ ಹೊಳೀತು, ಆಮೇಲೆ ಇಡೀ ವರ್ಷ ನಾನು ಅದನ್ನೇ ಹಿಡ್ಕೊಂಡಿದ್ದೆ. ಕ್ರಿಯಾಪದ ಇಲ್ದೆನೂ ಖೋ ಖೋ ಚೆನ್ನಾಗೇ ನಡೆಯುತ್ತೆ, ಅದಕ್ಕೇ ಮಕ್ಳು ಕ್ರಿಯಾಪದನ ಬಿಸಾಕಿದ್ರು. ಟೆನ್ಸ್ ತಪ್ಪಿದ್ರೆ ಆಟವೇ ಮುಂದಕ್ಕೆ ಹೋಗಬಾರ್ದು, ಅಂಥ ಆಟ ಬೇಕು. ಇಂಗ್ಲಿಷ್ ಅನ್ನೋದು ಆಟದ ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪಿನ ಥರ ಇರಬಾರ್ದು, ಒಗ್ಗರಣೆ ಥರ ಒಳಗೇ ಇಳಿದಿರಬೇಕು.

ಚೌಕಾಬಾರ ಹುಟ್ಟಿದ್ದು ಹಾಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ ಯಾಕಂದ್ರೆ ನಮಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಇದೇ. ಮಣೆ ಎಲ್ರಿಗೂ ಗೊತ್ತಿರೋದೇ, ಐದು ಸಾಲು ಐದು ಕಂಬ, 25 ಮನೆ, ನಾಲ್ಕು ಕಡೆ ನಾಲ್ಕು ಜನ, ನಡುವಿನ ಮನೆ ಹಣ್ಣು. ಕವಡೆ ಎಲ್ಲಿಂದ ತರೋದು, ಬಿಸಿಯೂಟದ ಅಡುಗೆಯಮ್ಮನ ಹತ್ರ ಹುಣಸೆ ಬೀಜ ಇಸ್ಕೊಂಡ್ವಿ, ಮಕ್ಳು ಒಂದೊಂದು ಬೀಜದ ಒಂದು ಕಡೆನ ಜಗಲಿ ಸಿಮೆಂಟಿಗೆ ಉಜ್ಜಿ ಉಜ್ಜಿ ಬಿಳಿ ಮಾಡಿದ್ರು, ಬೆರಳು ಬಿಸಿ ಆಗೋವರ್ಗೂ. ಕಾರಿಡಾರಲ್ಲಿ ಸೀಮೆಸುಣ್ಣದಲ್ಲಿ 8 ಮಣೆ ಬರೆದ್ವಿ, ಒಂದಕ್ಕೆ ನಾಲ್ಕು ಜನ ಅಂದ್ರೆ 32 ಮಕ್ಳು, ಉಳಿದ ಇಬ್ರು ಕೈಯಲ್ಲಿ ಕ್ರಿಯಾಪದದ ಪಟ್ಟಿ ಹಿಡ್ಕೊಂಡು ಓಡಾಡೋ ಅಂಪೈರು, ದಿನಾ ಬದಲಾಗ್ತಿದ್ರು.

ಪ್ರತಿ ಮನೆಯೊಳಗೂ ಒಂದು ಕ್ರಿಯಾಪದ ಬರೆದಿರುತ್ತೆ. ಬೀಜ ಹಾಕಿದಾಗ ಒಂದು ಬಿಳಿ ಬಿದ್ರೆ "ದಿನಾ", ಎರಡು ಬಿದ್ರೆ "ಈಗ", ಮೂರು ಬಿದ್ರೆ "ನಿನ್ನೆ", ನಾಲ್ಕೂ ಬಿಳಿ ಅಂದ್ರೆ ಚೌಕ, ಅದು "ನಾಳೆ". ನಾಲ್ಕೂ ಕಪ್ಪು ಬಿದ್ರೆ ಬಾರ, ಎಂಟು, ಅದಕ್ಕೆ "ಆಗ್ಲೇ ಆಗೋಗಿದೆ" ಅಂತ ಇಟ್ಕೊಂಡ್ವಿ, ಹ್ಯಾವ್ ಬರೋ ವಾಕ್ಯ. ಬಿದ್ದ ಲೆಕ್ಕದಷ್ಟು ಮನೆ ನಡೆದು ಕಾಯಿ ಎಲ್ಲಿ ನಿಲ್ಲುತ್ತೋ ಆ ಕ್ರಿಯಾಪದನ ಆ ಕಾಲದಲ್ಲಿ ಹಾಕಿ ಪೂರ್ತಿ ವಾಕ್ಯ ಹೇಳ್ಬೇಕು. ಮೂರು ಬಿದ್ದು "ಬೈ" ಮನೆಗೆ ಬಂದ್ರೆ "ಎಸ್ಟರ್ಡೇ ಮೈ ಮದರ್ ಬಾಟ್ ಟೊಮ್ಯಾಟೋ" ಅನ್ನಬೇಕು, ತಪ್ಪಿದ್ರೆ ಕಾಯಿ ಹಳೇ ಮನೆಗೆ ವಾಪಸ್. ತಪ್ಪು ಹಿಡಿಯೋ ಕೆಲಸ ನನ್ನದಲ್ಲ, ಎದುರಾಳಿಗಳದ್ದು.

ನಾನು ಅನ್ಕೊಂಡಿದ್ದು ಏನಂದ್ರೆ ವಾಕ್ಯ ಹೇಳೋ ಮಗು ಕಲಿಯುತ್ತೆ ಅಂತ, ಆದ್ರೆ ಕೂತು ಕೇಳಿಸ್ಕೊಳ್ಳೋ ಮೂರು ಜನ ಅದಕ್ಕಿಂತ ಜಾಸ್ತಿ ಕಲಿತಿದ್ರು. ಎದುರಿಗಿರೋನ ಕಾಯಿ ಹಿಂದಕ್ಕೆ ಕಳಿಸ್ಬೇಕು ಅಂತ ಅವನ ಬಾಯನ್ನೇ ನೋಡ್ತಾ ಕೂತಿರ್ತಿದ್ರು, "ಹಿ ಗೋಸ್" ಅನ್ನೋ ಕಡೆ "ಹಿ ಗೋ" ಅಂದ ತಕ್ಷಣ ಮೂರು ಜನನೂ ಒಟ್ಟಿಗೆ "ಎಸ್ ಎಲ್ಲಿ, ಎಸ್ ಎಲ್ಲಿ" ಅಂತ ನೆಲ ಬಡಿಯೋರು. ವರ್ಷಗಟ್ಟಲೆ ನಾನು ಕೆಂಪು ಇಂಕಲ್ಲಿ ಸುತ್ತು ಹಾಕಿದ್ರೂ ನೋಡದೇ ಇದ್ದ ಆ ಎಸ್‌ನ ಈಗ ಅವರೇ ಕಿವಿಯಲ್ಲಿ ಹಿಡೀತಿದ್ರು. ನಮ್ಮ ಕನ್ನಡದಲ್ಲಿ ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ, ಹೋಗುತ್ತೆ, ಹೋಗ್ತಾರೆ ಅಂತ ಯಾರು ಹೋಗ್ತಿದ್ದಾರೆ ಅನ್ನೋದಕ್ಕೆ ಬಾಲ ಬದಲಾಗ್ತಾನೇ ಇರುತ್ತೆ, ಇಷ್ಟೆಲ್ಲ ಬಾಲ ತಪ್ಪದೆ ಹೇಳೋ ಮಕ್ಳಿಗೆ ಇಂಗ್ಲಿಷಿನ ಒಂದು ಎಸ್ ಕಷ್ಟ ಅಲ್ಲ, ಕೇಳಿಸ್ಕೊಳ್ಳೋದಕ್ಕೆ ಒಂದು ಕಾರಣ ಇರಲಿಲ್ಲ ಅಷ್ಟೇ.

ಎರಡನೇ ವಾರ ಒಂದು ನಿಯಮ ಸೇರ್ಸಿದೆ. ಬೇರೆಯವರ ಕಾಯಿ ಹೊಡೀಬೇಕು ಅಂದ್ರೆ ಆ ಮನೆಯ ಕ್ರಿಯಾಪದದಲ್ಲಿ ನಿನ್ನೆ ಆಗ್ಲಿಲ್ಲ ಅನ್ನೋ ವಾಕ್ಯ ಹೇಳ್ಬೇಕು, ಡಿಡ್ ನಾಟ್ ಇರೋದು. ಇಲ್ಲಿ ಎಲ್ರೂ ಸಿಕ್ಕಿ ಬಿದ್ರು. "ಹಿ ಡಿಡ್ ನಾಟ್ ಕೇಮ್." "ಶಿ ಡಿಡ್ ನಾಟ್ ಏಟ್." ಕಷ್ಟಪಟ್ಟು ಕೇಮ್, ಏಟ್ ಅಂತ ಕಲ್ತಿದ್ದಾರೆ, ಈಗ ಅದನ್ನ ಹೇಳಬೇಡಿ ಅಂದ್ರೆ ಅವರಿಗೆ ಅನ್ಯಾಯ ಅನ್ನಿಸ್ತಿತ್ತು. ಡಿಡ್ ಬಂದ್ಮೇಲೆ ಭೂತಕಾಲ ಅದ್ರಲ್ಲೇ ಮುಗೀತು, ಇನ್ನೊಂದು ಸಲ ಬೇಡ ಅಂತ ನಾನು ನಾಲ್ಕು ದಿನ ಹೇಳ್ದೆ, ತಲೆ ಆಡಿಸ್ತಿದ್ರು, ಮತ್ತೆ ಡಿಡ್ ನಾಟ್ ಕೇಮ್.

ಐದನೇ ದಿನ, ಮೂರನೇ ಮಣೇಲಿ, ಮಂಡಿ ತರಚ್ಕೊಂಡಿದ್ದ ಅದೇ ಹುಡುಗಿ. ಎದುರಿನ ಹುಡುಗ ಅವಳ ಕಾಯಿ ಹೊಡೆಯೋಕೆ "ಮೈ ಅಂಕಲ್ ಡಿಡ್ ನಾಟ್ ಕೇಮ್" ಅಂದ. ಇವಳು "ತಪ್ಪು" ಅಂದ್ಲು. ಅವನು "ಮಾಮ ಬಂದಿಲ್ಲ ತಾನೇ, ನಿನ್ನೆ ತಾನೇ, ಕೇಮ್ ಅಲ್ವಾ" ಅಂತ ಜಗಳಕ್ಕೆ ಬಂದ. ಇವಳು ಸ್ವಲ್ಪ ಹೊತ್ತು ಸುಮ್ನಿದ್ದು, ಬೀಜ ಕೈಯಲ್ಲಿ ಆಡಿಸ್ತಾ ಹೇಳಿದ್ಲು: "ಕನ್ನಡದಲ್ಲಿ ನಿಮ್ಮಾಮ ಬಂದ. ಬರ್ಲಿಲ್ಲ ಅನ್ನೋವಾಗ ಏನಂತೀಯ, ಬಂದಲಿಲ್ಲ ಅಂತೀಯಾ?"

ಅವನು ಬಾಯಿ ತೆಗೆದೋನು ಹಾಗೇ ನಿಂತ. ನಾನು ಕಂಬಕ್ಕೆ ಒರಗಿ ನಿಂತಿದ್ದೆ, ನನಗೂ ಮೈ ಜುಂ ಅಂತು. ಹತ್ತಾರು ವರ್ಷ ಕನ್ನಡ ಮಾತಾಡಿ, ಇಂಗ್ಲಿಷ್ ಪಾಠ ಮಾಡಿ, ನಾನೇ ಇದನ್ನ ನೋಡಿರಲಿಲ್ಲ. ಬಂದ, ಆದ್ರೆ ಬರಲಿಲ್ಲ. ತಿಂದ, ಆದ್ರೆ ತಿನ್ನಲಿಲ್ಲ. ಕೊಟ್ಟ, ಕೊಡಲಿಲ್ಲ. ಬಿದ್ದ, ಬೀಳಲಿಲ್ಲ. ಇಲ್ಲ ಅಂತ ಹೇಳೋವಾಗ ನಮ್ಮ ಕ್ರಿಯಾಪದನೂ ಬಂದ ಅನ್ನೋ ವೇಷ ಕಳಚಿ ಮೊದಲಿನ ಬರು ಹತ್ರಕ್ಕೆ ವಾಪಸ್ ಹೋಗುತ್ತೆ, ಕೇಮ್ ಅನ್ನೋದು ಕಮ್‌ಗೆ ವಾಪಸ್ ಹೋದ ಹಾಗೆ. ಅವತ್ತು ಎಂಟೂ ಮಣೆ ಆಟ ನಿಲ್ಲಿಸಿ ಆ ಹುಡುಗೀನೇ ಬೋರ್ಡ್ ಹತ್ರ ಕರೆದು ಎಲ್ರಿಗೂ ಹೇಳು ಅಂದೆ. ಅವಳು ಬರೆದಿದ್ದ ಎರಡು ಸಾಲು, ಮೇಲೆ ಬಂದ ಬರಲಿಲ್ಲ, ಕೆಳಗೆ ಕೇಮ್ ಡಿಡ್ ನಾಟ್ ಕಮ್, ವಾರ ಪೂರ್ತಿ ಬೋರ್ಡಿನ ಮೂಲೇಲಿ ಹಾಗೇ ಇತ್ತು, ಬೇರೆ ಟೀಚರ್‌ಗಳಿಗೂ ಅಳಿಸಬೇಡಿ ಅಂತ ಹೇಳಿದ್ದೆ. ಆಮೇಲೆ ಯಾರಾದ್ರೂ ಡಿಡ್ ನಾಟ್ ಕೇಮ್ ಅಂದ್ರೆ ಮಕ್ಳೆಲ್ಲ ಒಟ್ಟಿಗೆ "ಬಂದಲಿಲ್ಲ" ಅನ್ನೋರು, ಅಷ್ಟು ಸಾಕಾಗ್ತಿತ್ತು, ಹೇಳಿದೋರೇ ತಿದ್ಕೊಳ್ತಿದ್ರು.

ಅಲ್ಲಿಂದ ನಾನು ಪಾಠ ಮಾಡೋ ದಾರಿನೇ ಬದಲಾಯ್ತು. ಅಲ್ಲೀವರ್ಗೂ ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಮಾತಾಡಿದ್ರೆ ತಪ್ಪು ಮಾಡ್ದೆ ಅನ್ನೋ ಥರ ನನಗೆ ಅಳುಕು ಇರ್ತಿತ್ತು. ಈಗ ಪ್ರತಿ ಆಟಕ್ಕೂ ಮೊದಲು ಮಕ್ಳನ್ನೇ ಕೇಳ್ತಿದ್ದೆ, ಇದನ್ನ ನಿಮ್ಮ ಮನೇಲಿ ಹೇಗೆ ಹೇಳ್ತೀರ ಅಂತ.

ಆಮೇಲೆ ಪಾಸ್ಟ್ ಕಂಟಿನ್ಯುಯಸ್, ಮಾಡ್ತಿದ್ದೆ ಅನ್ನೋ ಥರದ್ದು. ಇದಕ್ಕೆ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ದ ಒಂದು ಆಟ ಇದೆ, ಪ್ರಪಂಚದ ಎಲ್ಲಾ ಕಡೆ ಇಂಗ್ಲಿಷ್ ಟೀಚರ್‌ಗಳು ಆಡ್ಸೋ ಆಟ. ನಿನ್ನೆ ರಾತ್ರಿ 8 ಗಂಟೆಗೆ ಒಂದು ಕಳ್ಳತನ ಆಗಿದೆ, ಇಬ್ರ ಮೇಲೆ ಅನುಮಾನ. ಆ ಇಬ್ರು ಹೊರಗೆ ಹೋಗಿ, ನಾವಿಬ್ರೂ ಆ ಹೊತ್ತಿಗೆ ಒಟ್ಟಿಗೆ ಇದ್ವಿ ಅಂತ ಒಂದು ಕಥೆ ಕಟ್ಕೊಂಡು ಬರಬೇಕು, ಕ್ಲಾಸಿನೋರು ಪೊಲೀಸು, ಒಬ್ಬೊಬ್ಬರನ್ನೇ ಒಳಗೆ ಕರೆದು ಪ್ರಶ್ನೆ ಕೇಳ್ತಾರೆ, ವಾಟ್ ವರ್ ಯೂ ಡೂಯಿಂಗ್, ಹೂ ವಾಸ್ ಕುಕಿಂಗ್, ವೇರ್ ವಾಸ್ ದ ಡಾಗ್ ಸ್ಲೀಪಿಂಗ್, ಇಬ್ರ ಉತ್ತರ ಹೊಂದಿಲ್ಲ ಅಂದ್ರೆ ಸಿಕ್ಕಿಬಿದ್ರು. ಇದರಲ್ಲಿ ಟೆನ್ಸ್ ತಪ್ಪಿದ್ರೆ ಕಥೆನೇ ಕೆಡುತ್ತೆ, ನಾನು ಹುಡುಕ್ತಿದ್ದಿದ್ದು ಅಂಥದ್ದೇ, ಹಾಗಾಗಿ ಹಿಂದೆ ಮುಂದೆ ಯೋಚನೆ ಮಾಡದೆ ಆಡ್ಸಿದೆ.

ಚೀಟಿ ಎತ್ತಿದಾಗ ಹಿಂದಿನ ಸಾಲಿನ ಒಬ್ಬ ಹುಡುಗನ ಹೆಸರು ಬಂತು. ಆಟ ಚೆನ್ನಾಗೇ ನಡೀತು, ಇವನ ಉತ್ತರ ತಪ್ಪಿತು, ಇಡೀ ಕ್ಲಾಸು ಬೆಂಚ್ ಬಡೀತಾ "ಕಳ್ಳ ಕಳ್ಳ" ಅಂತ ಕೂಗ್ತು. ಬೇರೆ ಮಗು ಆಗಿದ್ರೆ ನಕ್ಕು ಕೂರ್ತಿತ್ತು. ಇವನು ಮುಖ ಸಣ್ಣ ಮಾಡ್ಕೊಂಡು ಹೋಗಿ ಜಾಗದಲ್ಲಿ ಕೂತ, ಮಾರನೇ ದಿನ ಬರ್ಲಿಲ್ಲ, ಅದರ ಮಾರನೇ ದಿನನೂ ಬರ್ಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಅಜ್ಜಿ ಜಗಲಿ ಮೇಲೆ ಕಡ್ಲೆಕಾಯಿ ಬಿಡಿಸ್ತಾ ಕೂತಿತ್ತು, ನನ್ನ ನೋಡಿ ಮೊರ ಪಕ್ಕಕ್ಕಿಟ್ಟು, "ಮೇಡಮ್ಮೋರೆ, ನಮ್ಮ ಹುಡುಗ ಅಂತೋನಲ್ಲ ಕಣಮ್ಮ" ಅಂತು. ಹಿಂದಿನ ವರ್ಷ ಊರಲ್ಲಿ ಯಾರದೋ ಮನೇಲಿ ದುಡ್ಡು ಕಾಣದೇ ಹೋದಾಗ ಇವನ ಮೇಲೆ ಹೇಳಿದ್ರಂತೆ, ಆಮೇಲೆ ದುಡ್ಡು ಅವರ ಮನೇಲೇ ಸಿಕ್ತಂತೆ, ಆದ್ರೆ ಆ ಮಾತನ್ನ ಯಾರೂ ವಾಪಸ್ ತಗೊಳ್ಳಲಿಲ್ಲ. ನನಗೆ ಇದೇನೂ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು, ಅದೇ ಊರಲ್ಲಿ ನಾಲ್ಕು ವರ್ಷದಿಂದ ಪಾಠ ಮಾಡ್ತಿದ್ದೀನಿ. ಅವನು ಒಳಗಿಂದ ಬಾಗಿಲ ಹತ್ರ ಬಂದು ನಿಂತ್ಕೊಂಡ. ತಪ್ಪು ನಂದು ಕಣಪ್ಪ, ಆ ಆಟ ಇನ್ನು ಆಡ್ಸಲ್ಲ, ನಾಳೆ ಬಾ ಅಂದೆ. ಅಜ್ಜಿ ಒಂದು ಬೊಗಸೆ ಕಡ್ಲೆಕಾಯಿ ನನ್ನ ಸೆರಗಿಗೆ ಹಾಕ್ತು.

ಮನೆಗೆ ಬಂದು ಯೋಚನೆ ಮಾಡ್ದೆ, ಆಟದ ಜೀವ ಇರೋದು ಕಳ್ಳತನದಲ್ಲಾ ಅಂತ. ಅಲ್ಲ, ಒಂದು ಘಳಿಗೆ ಇರಬೇಕು, ಆ ಘಳಿಗೇಲಿ ಎಲ್ರೂ ಏನೋ ಒಂದು ಮಾಡ್ತಾ ಇರಬೇಕು, ಅಷ್ಟೇ. ನಮ್ಮೂರಲ್ಲಿ ಅಂಥ ಘಳಿಗೆಗೆ ಬರವಾ? ದಿನಾ ಸಂಜೆ ಕರೆಂಟ್ ಹೋಗುತ್ತೆ. ಮಾರನೇ ದಿನ ಬೋರ್ಡ್ ಮೇಲೆ ಬರೆದೆ, ವಾಟ್ ವರ್ ಯೂ ಡೂಯಿಂಗ್ ವೆನ್ ದ ಪವರ್ ವೆಂಟ್ ಔಟ್? ಕರೆಂಟ್ ಹೋದಾಗ ಏನ್ ಮಾಡ್ತಿದ್ದೆ? ಹೋದಾಗ ಅನ್ನೋದು ಒಂದೇ ಸಲ ಪಟ್ ಅಂತ ಆಗೋದು, ಮಾಡ್ತಿದ್ದೆ ಅನ್ನೋದು ಎಳ್ಕೊಂಡು ಹೋಗೋದು, ಕನ್ನಡದಲ್ಲೇ ಎರಡೂ ಬೇರೆ ಬೇರೆ ಕೇಳ್ಸುತ್ತೆ. ಈಗ ಇಬ್ರು ಹೊರಗೆ ಹೋಗಿ, ಕರೆಂಟ್ ಹೋದಾಗ ನಾವಿಬ್ರೂ ಒಂದೇ ಕಡೆ ಇದ್ವಿ ಅಂತ ಕಥೆ ಕಟ್ಕೊಂಡು ಬರಬೇಕು, ಒಳಗಿರೋರು ಅದು ನಿಜಾನಾ ಕಟ್ಟುಕಥೇನಾ ಅಂತ ಪತ್ತೆ ಮಾಡ್ಬೇಕು. ಆ ಹುಡುಗನ್ನ ಪ್ರಶ್ನೆ ಕೇಳೋ ಜಾಗದಲ್ಲಿ ಕೂರಿಸಿದೆ. ಅವನು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ, "ವಾಟ್ ವಾಸ್ ಯುವರ್ ಗ್ರ್ಯಾಂಡ್‌ಮದರ್ ಹೋಲ್ಡಿಂಗ್ ವೆನ್ ದ ಪವರ್ ವೆಂಟ್ ಔಟ್?" ಮೊದಲನೇ ಹುಡುಗಿ ಪ್ಲೇಟ್ ಅಂದ್ಲು, ಎರಡನೇ ಹುಡುಗಿ ಪೊರಕೆಗೆ ಇಂಗ್ಲಿಷ್ ಗೊತ್ತಿಲ್ದೆ ಕೈಯಲ್ಲಿ ಗುಡಿಸಿ ತೋರಿಸಿದ್ಲು, ಕ್ಲಾಸು ಎದ್ದು ಕುಣೀತು. ಪಕ್ಕದ ರೂಮಿಂದ ನಮ್ಮ ಹೆಡ್‌ಮಾಸ್ಟರ್, ಎಚ್ಚೆಂ ಸರ್ ಬಂದು "ಏನ್ ಮೇಡಂ ಇದು, ಪಿಟಿ ಪಿರಿಯಡ್ಡಾ?" ಅಂದ್ರು. ಒಂದು ಹತ್ತು ನಿಮಿಷ ಕೂತ್ಕೊಳ್ಳಿ ಸರ್ ಅಂದೆ, ಕೂತ್ರು, ಪಿರಿಯಡ್ ಮುಗಿಯೋವರ್ಗೂ ಏಳ್ಲಿಲ್ಲ, ಕೊನೇಲಿ ಮಕ್ಳು ಅವರನ್ನೂ ಕೇಳಿದ್ರು, ಅವರು "ಐ ವಾಸ್ ಶೇವಿಂಗ್" ಅಂದ್ರು.

ಪ್ರೆಸೆಂಟ್ ಪರ್ಫೆಕ್ಟ್ ಅಂದ್ರೆ ನಾನು ಮೊದಲಿಂದ ಹೆದರ್ತಿದ್ದೆ, ಆದ್ರೆ ಅದು ಎಲ್ಲಕ್ಕಿಂತ ಸುಲಭ ಆಯ್ತು. ಒಂದು ಮಗು ಹೊರಗೆ ಹೊಂಗೆ ಮರದ ಹತ್ರ ಹೋಗಿ ನಿಲ್ಲುತ್ತೆ, ಒಳಗಿರೋರು ಕ್ಲಾಸಲ್ಲಿ ಐದು ಬದಲಾವಣೆ ಮಾಡ್ತಾರೆ, ಮಗು ಒಳಗೆ ಬಂದು ಏನೇನು ಬದಲಾಗಿದೆ ಅಂತ ಕಂಡುಹಿಡೀಬೇಕು. "ಯೂ ಹ್ಯಾವ್ ಓಪನ್ಡ್ ದ ವಿಂಡೋ." "ಯೂ ಹ್ಯಾವ್ ಡ್ರಾನ್ ಎ ಮೂನ್." ಒಂದು ಸಲ ಎರಡು ಜಡೆ ಹಾಕ್ಕೊಂಡಿದ್ದೋಳು ಬಿಚ್ಚಿ ಒಂದು ಜಡೆ ಹೆಣ್ಕೊಂಡಿದ್ಲು, ಅದು ಯಾರಿಗೂ ಕಾಣ್ಲಿಲ್ಲ, ಅವಳ ತಂಗಿ ಐದನೇ ಕ್ಲಾಸಿಂದ ಅಟೆಂಡೆನ್ಸ್ ಪುಸ್ತಕ ತಂದೋಳು ಒಂದೇ ನೋಟಕ್ಕೆ ಹಿಡಿದ್ಲು. ಕಿಟಕಿ ತೆಗೆದ್ರಿ ಅನ್ನಲ್ಲ ನಾವು, ಕಿಟಕಿ ತೆಗೆದಿದ್ದೀರಿ ಅಂತೀವಿ, ತೆಗೆದು ಇದ್ದೀರಿ, ಆ ಇದ್ದೀರಿ ಅನ್ನೋದು ಈಗಿನದ್ದು. ಹ್ಯಾವ್ ಮಾಡೋ ಕೆಲಸ ಅದೇ, ಆಗಿದ್ದು ಮೊದಲು, ಗುರುತು ಕಾಣ್ತಿರೋದು ಈಗ. ಇದನ್ನ ನಾನು ಹೇಳೋ ಮೊದ್ಲೇ ಅವರಿಗೆ ಗೊತ್ತಿತ್ತು.

ಇದರಲ್ಲಿ ಒಂದು ಕಡೆ ಮಾತ್ರ ಕನ್ನಡ ಕೈ ಕೊಡುತ್ತೆ. "ನಿನ್ನೆನೇ ಬಂದಿದ್ದೀನಿ" ಅಂತ ನಾವು ಧಾರಾಳವಾಗಿ ಅಂತೀವಿ, ಇಂಗ್ಲಿಷಲ್ಲಿ "ಐ ಹ್ಯಾವ್ ಕಮ್ ಎಸ್ಟರ್ಡೇ" ಅನ್ನೋ ಹಾಗಿಲ್ಲ. ಇದಕ್ಕೆ ಹಳೇ ಮದುವೆ ಕಾರ್ಡ್ ಕತ್ತರಿಸಿ ಒಂದು ಇಸ್ಪೀಟಿನ ಥರ ಆಟ ಮಾಡ್ದೆ, ಕೆಲವು ಕಾರ್ಡಲ್ಲಿ ಎಸ್ಟರ್ಡೇ, ಲಾಸ್ಟ್ ಇಯರ್, ಇನ್ 2019 ಥರ ಸಮಯ, ಕೆಲವು ಕಾರ್ಡಲ್ಲಿ ವಾಕ್ಯದ ಅರ್ಧ. ಹ್ಯಾವ್ ಇರೋ ಕಾರ್ಡು ಎಸ್ಟರ್ಡೇ ಕಾರ್ಡಿನ ಜೊತೆ ಇಳಿಸಿದ್ರೆ ಎರಡೂ ಕಾರ್ಡ್ ಪಕ್ಕದೋರಿಗೆ. ಎರಡು ಪಿರಿಯಡ್ ಸಾಕಾಯ್ತು.

ವಿಲ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಜಾತ್ರೆಗೆ ಹೋಗಿ ಏನ್ ತಗೋತೀಯ ಅಂತ ಒಬ್ಬರಿಂದ ಒಬ್ಬರಿಗೆ ಸರಪಳಿ ಆಟ ಆಡ್ಸಿದೆ, ಬೇಗ ಬಂತು. ಕ್ರಿಯಾಪದದ ಕೊನೇಲಿ ಬರೋ ಇಡಿ (ed) ಅನ್ನೋ ಬಾಲ ಉಚ್ಚಾರ ಮಾಡೋದಕ್ಕೆ ಮಾತ್ರ ಒಂದು ವಾರ ಹಿಡೀತು, ಮಕ್ಳು ವಾಕೆಡ್, ಪ್ಲೇಯೆಡ್ ಅಂತಾರೆ ಅಕ್ಷರ ಇದ್ದ ಹಾಗೆ ಓದಿ. ವಾಕ್ಡ್ ಅನ್ನೋದ್ರ ಕೊನೇಲಿ ಟ್ ಕೇಳುತ್ತೆ, ಪ್ಲೇಡ್‌ನಲ್ಲಿ ಡ್, ವಾಂಟೆಡ್‌ನಲ್ಲಿ ಮಾತ್ರ ಇಡ್. ಮೂರಕ್ಕೂ ಬೇರೆ ಬೇರೆ, ಚಪ್ಪಾಳೆ, ಚಿಟಿಕೆ, ಕಾಲು ಬಡಿಯೋದು ಅಂತ ಇಟ್ಕೊಂಡು ಕಣ್ಣು ಮುಚ್ಕೊಂಡು ಕೇಳಿಸ್ಕೊಳ್ಳೋ ಆಟ. ಕಣ್ಣು ಮುಚ್ಚೋದು ಮುಖ್ಯ, ಇಲ್ದಿದ್ರೆ ಪಕ್ಕದೋನ್ನ ನೋಡಿ ಮಾಡ್ತಾರೆ.

ಎಸ್‌ಡಿಎಂಸಿ ಅಂದ್ರೆ ಅಪ್ಪ ಅಮ್ಮಂದಿರು ಇರೋ ಶಾಲಾ ಸಮಿತಿ, ಅದರ ಮೀಟಿಂಗಲ್ಲಿ ಒಬ್ಬರು "ಸ್ಕೂಲಲ್ಲಿ ಚೌಕಾಬಾರ ಆಡ್ಸ್ತಾರಂತೆ" ಅಂತ ಮಾತು ತೆಗೆದ್ರು. ನಾನು ವಾದಕ್ಕೆ ಹೋಗ್ಲಿಲ್ಲ, ಅವರ ಮಗಳನ್ನೇ ಕರೆಸಿದೆ, ನಿಮ್ಮ ಅಪ್ಪಾಜಿಗೆ ನಿನ್ನೆ ದಿನ ಪೂರ್ತಿ ಏನಾಯ್ತು ಅಂತ ಇಂಗ್ಲಿಷಲ್ಲಿ ಹೇಳಮ್ಮ ಅಂದೆ. ಎದ್ದಾಗಿಂದ ಮಲಗೋವರ್ಗೂ ಹೇಳಿದ್ಲು. ನಡುವೆ ಎರಡು ತಪ್ಪಿತ್ತು, ನಾನು ತಿದ್ದಲಿಲ್ಲ. ಅವರು ಕಣ್ಣು ಒರೆಸ್ಕೊಂಡ್ರು, ಆಮೇಲೆ ಮಾತು ಶೌಚಾಲಯದ ಬಾಗಿಲು ರಿಪೇರಿ ಕಡೆ ಹೋಯ್ತು.

ಆಟ ಆಡ್ಸಿದ್ರೆ ಎಲ್ಲಾ ಬಂದ್ಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಬಾಯಲ್ಲಿ ಸರಿ ಬಂದಿದ್ದು ಬರವಣಿಗೇಲಿ ಮತ್ತೆ ತಪ್ತಿತ್ತು, ಅದಕ್ಕೆ ಪ್ರತಿ ಆಟ ಆದ್ಮೇಲೆ ಕೊನೇ ಹತ್ತು ನಿಮಿಷ ಅವತ್ತು ಆಟದಲ್ಲಿ ಹೇಳಿದ ವಾಕ್ಯದಲ್ಲಿ ಐದನ್ನ ಬರೀಬೇಕು ಅಂತ ಮಾಡ್ದೆ, ಈ ಹತ್ತು ನಿಮಿಷ ಬಿಟ್ಟ ವಾರಗಳಲ್ಲಿ ಕಲ್ತಿದ್ದು ನೀರಿನ ಹಾಗೆ ಸೋರಿಹೋಗ್ತಿತ್ತು. ಇನ್ನು ಮಾತೇ ಆಡದ ಇಬ್ರು ಮಕ್ಳು ವರ್ಷದ ಕೊನೇವರ್ಗೂ ಗುಂಪಲ್ಲಿ ಬಾಯಿ ಬಿಡ್ಲಿಲ್ಲ, ನನ್ನ ಹತ್ರ ಒಬ್ಬರೇ ಕೂತಾಗ ಮಾತ್ರ ಹೇಳ್ತಿದ್ರು, ಅವರಿಗೆ ಯಾವ ಆಟ ಸರಿ ಅಂತ ಇನ್ನೂ ಹುಡುಕ್ತಿದ್ದೀನಿ.

ಕೊನೇಗೆ ಉಳಿದಿದ್ದು ಪಾಸ್ಟ್ ಪರ್ಫೆಕ್ಟ್. ಇದು ಮಕ್ಳದ್ದಷ್ಟೇ ಅಲ್ಲ, ನಮ್ಮ ಕಡೆ ಓದಿರೋ ದೊಡ್ಡೋರದ್ದೂ ತೊಂದರೆ. "ನಿನ್ನೆ ನಿಮ್ಮ ಮನೆಗೆ ಬಂದಿದ್ದೆ" ಅಂತ ಕನ್ನಡದಲ್ಲಿ ಸಲೀಸಾಗಿ ಅಂತೀವಿ, ಅದನ್ನೇ ಇಂಗ್ಲಿಷಿಗೆ ಹಾಕಿ "ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಎಸ್ಟರ್ಡೇ" ಅಂತೀವಿ, ಅಲ್ಲಿ ಬರೀ ಕೇಮ್ ಸಾಕು. ಹ್ಯಾಡ್ ಬೇಕಾಗೋದು ಹಿಂದೆ ಆದ ಎರಡು ವಿಷಯ ಇದ್ದು, ಅದರಲ್ಲಿ ಒಂದು ಇನ್ನೊಂದಕ್ಕಿಂತ ಮೊದಲೇ ಮುಗಿದಿದ್ದಾಗ. ಫೆಬ್ರವರಿಯಲ್ಲಿ ಇದಕ್ಕೆ ಬಸ್ ಆಟ ಅಂತ ಒಂದು ಮಾಡ್ದೆ. ನೆಲದ ಮೇಲೆ ಉದ್ದಕ್ಕೆ ಹಗ್ಗ, ಒಂದು ಕೊನೆ ಬೆಳಿಗ್ಗೆ, ಒಂದು ಕೊನೆ ರಾತ್ರಿ. ಇಬ್ರು ಮಕ್ಳು ಒಂದೊಂದು ಕೆಲಸ ಆಗಿ ಹಗ್ಗದ ಮೇಲೆ ನಿಲ್ತಾರೆ, ಒಬ್ಬಳು ಬಸ್ಸು ಹೊರಟಿದ್ದು, ಒಬ್ಬ ಸ್ಟಾಪಿಗೆ ಬಂದಿದ್ದು. ಮೊದಲು ನಿಂತೋರ ತಲೆ ಮೇಲೆ ಹ್ಯಾಡ್ ಅಂತ ಬರೆದ ರಟ್ಟಿನ ಟೋಪಿ. ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್. ಜಾಗ ಬದಲಾಯಿಸಿದ್ರೆ ಟೋಪಿನೂ ಬದಲಾಗುತ್ತೆ, ಕಥೆನೂ ಬದಲಾಗುತ್ತೆ. ಅರ್ಧ ಮಕ್ಳಿಗೆ ಹಿಡೀತು, ಇನ್ನರ್ಧಕ್ಕೆ ಟೋಪಿ ಮೇಲೇ ಕಣ್ಣು.

ಅವತ್ತು ಕೊನೇ ಹತ್ತು ನಿಮಿಷ ನಿಮ್ಮ ಮನೇದೇ ಒಂದು ಬರೀರಿ ಅಂದೆ. ಮಾತು ಕಮ್ಮಿ ಇರೋ ಒಂದು ಹುಡುಗಿ, ಅವರಪ್ಪ ಬೆಂಗಳೂರಲ್ಲಿ ಗಾರೆ ಕೆಲಸ, ತಿಂಗಳಿಗೊಂದು ಸಲ ಬರ್ತಾರೆ, ಪುಸ್ತಕ ತಂದು ನನ್ನ ಟೇಬಲ್ ಮೇಲಿಟ್ಟು ಪಕ್ಕದಲ್ಲೇ ನಿಂತ್ಲು. ಪೆನ್ಸಿಲಲ್ಲಿ ಎರಡು ಸಾಲು ಬರೆದಿದ್ಲು.

"ವೆನ್ ಮೈ ಫಾದರ್ ಕೇಮ್ ಹೋಮ್, ಐ ಹ್ಯಾಡ್ ಸ್ಲೆಪ್ಟ್. ವೆನ್ ಐ ವೋಕ್ ಅಪ್, ಹಿ ಹ್ಯಾಡ್ ಗಾನ್."

ಮೊದಲನೇ ಸಾಲಲ್ಲಿ ಸ್ಲೆಪ್ಟ್ ಬದಲು ಗಾನ್ ಟು ಸ್ಲೀಪ್ ಅಂದ್ರೆ ಸರಿ ಹೋಗುತ್ತೆ ಪುಟ್ಟ ಅಂದೆ. ಅಲ್ಲೇ ನಿಂತು ರಬ್ಬರ್‌ನಲ್ಲಿ ಅಳಿಸಿ ತಿದ್ದಿದ್ಲು, ಚೂರು ಊದಿ ತೆಗೆದ್ಲು, ಎರಡನೇ ಸಾಲಿಗೆ ಬೆರಳಿಟ್ಟು "ಇದು ಮಿಸ್?" ಅಂದ್ಲು. ಅದು ಸರಿ ಇದೆ ಅಂದೆ.